ದಾಖಲೆಯೊಳಗಿನ ಪ್ರಜೆ: ಏಷ್ಯಾದ ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ದತ್ತಾಂಶ ಆಡಳಿತ

ರಾಜ್ಯವ್ಯವಸ್ಥೆಗೂ ದಾಖಲೆಗೂ ಇರುವ ನಂಟು ಬಹು ಪ್ರಾಚೀನವಾದುದು. ದತ್ತಿ ಬಿಟ್ಟ ಭೂಮಿಯ ಎಲ್ಲೆಗಳನ್ನು ಕಲ್ಲಿನಲ್ಲಿ ಕೊರೆಯಿಸಿದ ಶಾಸನಗಳು, ವ್ಯವಹಾರಗಳನ್ನು ಬರೆದಿಟ್ಟ ಕಡತಗಳು, ಶಾನುಭೋಗರ ಲೆಕ್ಕದ ಪುಸ್ತಕಗಳು, ಬ್ರಿಟಿಷರ ಕಾಲದ ಸರ್ವೆ ವಹಿಗಳು ಇವೆಲ್ಲವೂ ಆಳುವವರು ಪ್ರಜೆಯನ್ನು ಗುರುತಿಸಿದ ಬಗೆಗಳೇ ಆಗಿವೆ. ದಾಖಲೆಯಲ್ಲಿ ಹೆಸರುಳ್ಳವನಿಗೆ ಹಕ್ಕು ದೊರೆಯಿತು. ಹೆಸರಿಲ್ಲದವನು ಅದೇ ನೆಲವನ್ನು ಉಳುತ್ತಿದ್ದರೂ ಆಡಳಿತದ ಕಣ್ಣಿಗೆ ಬೀಳಲಿಲ್ಲ. ಕಾಗದದ ಸ್ಥಾನಕ್ಕೆ ಗಣಕಯಂತ್ರ ಬಂದ ಮೇಲೂ ಈ ಮೂಲ ಸಂಗತಿ ಬದಲಾಗಿಲ್ಲ. ಬದಲಾದದ್ದು ದಾಖಲೆಯ ವ್ಯಾಪ್ತಿ ಮತ್ತು ವೇಗ. ಒಂದು ಹಳ್ಳಿಯ ವಹಿಯಲ್ಲಿದ್ದ ತಪ್ಪು ಅಲ್ಲಿಯೇ ಉಳಿಯುತ್ತಿತ್ತು. ಕೇಂದ್ರೀಕೃತ ದತ್ತಸಂಚಯದಲ್ಲಿನ ತಪ್ಪು ಪಡಿತರ, ಪಿಂಚಣಿ, ಬ್ಯಾಂಕು, ಬೆಳೆ ಪರಿಹಾರ ಎಲ್ಲೆಡೆಯೂ ಏಕಕಾಲಕ್ಕೆ ವ್ಯಕ್ತಿಯನ್ನು ಹಿಂಬಾಲಿಸುತ್ತದೆ.

ಮಾಹಿತಿಯನ್ನು ಯಾರು, ಯಾವ ಉದ್ದೇಶಕ್ಕಾಗಿ ಸಂಗ್ರಹಿಸಬೇಕು, ಯಾರೊಡನೆ ಹಂಚಿಕೊಳ್ಳಬೇಕು, ಎಷ್ಟು ಕಾಲ ಇರಿಸಿಕೊಳ್ಳಬೇಕು, ತಪ್ಪಾದಾಗ ಯಾರು ಹೊಣೆ ಎಂಬುದನ್ನು ನಿರ್ಧರಿಸುವ ನಿಯಮ ಮತ್ತು ಸಂಸ್ಥೆಗಳ ಒಟ್ಟು ವ್ಯವಸ್ಥೆಯನ್ನು ದತ್ತಾಂಶ ಆಡಳಿತ ಎಂದು ಕರೆಯಬಹುದು. ಎಲ್ಲ ವರ್ಗದ ಜನರನ್ನೂ ಒಳಗೊಳ್ಳುವ ಡಿಜಿಟಲ್ ನೀತಿಯನ್ನು ಸಾಮಾನ್ಯವಾಗಿ ಇದರಿಂದ ಬೇರೆಯೇ ಆದ ವಿಷಯವೆಂಬಂತೆ ಚರ್ಚಿಸಲಾಗುತ್ತದೆ. ಮೊದಲನೆಯದು ಕಾನೂನು ಪಂಡಿತರ ಕ್ಷೇತ್ರವೆಂದೂ ಎರಡನೆಯದು ಜನಕಲ್ಯಾಣದ ಕ್ಷೇತ್ರವೆಂದೂ ಭಾವಿಸುವುದು ರೂಢಿಯಾಗಿದೆ. ಏಷ್ಯಾದ ಅಭಿವೃದ್ಧಿಶೀಲ ರಾಷ್ಟ್ರಗಳ ಕಳೆದ ಎರಡೂವರೆ ದಶಕಗಳ ಅನುಭವವನ್ನು ಪರಿಶೀಲಿಸಿದರೆ ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳೆಂಬುದು ಸ್ಪಷ್ಟವಾಗುತ್ತದೆ.

ಭೂಮಿ ಯೋಜನೆಯ ಪಾಠ

ಈ ಚರ್ಚೆಯಲ್ಲಿ ಕರ್ನಾಟಕದ ‘ಭೂಮಿ’ ಯೋಜನೆಗೆ ವಿಶೇಷ ಸ್ಥಾನವಿದೆ. ಕಂದಾಯ ಇಲಾಖೆಯು 2000ದ ದಶಕದ ಆರಂಭದ ವೇಳೆಗೆ ಸುಮಾರು 67 ಲಕ್ಷ ಭೂಹಿಡುವಳಿದಾರರಿಗೆ ಸಂಬಂಧಿಸಿದ ಸುಮಾರು 2 ಕೋಟಿ ದಾಖಲೆಗಳನ್ನು ಗಣಕೀಕರಿಸಿತು. ಅದಕ್ಕೂ ಮೊದಲು ಈ ದಾಖಲೆಗಳು ಸುಮಾರು 9,000 ಗ್ರಾಮಲೆಕ್ಕಿಗರ ವಶದಲ್ಲಿದ್ದವು. ಪಹಣಿಗಾಗಿ ರೈತನು ಲೆಕ್ಕಿಗರ ಬಿಡುವನ್ನೂ ಮರ್ಜಿಯನ್ನೂ ಕಾಯಬೇಕಾಗಿತ್ತು. ಹೊಸ ವ್ಯವಸ್ಥೆಯಲ್ಲಿ 177 ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿ ಶುಲ್ಕಕ್ಕೆ ಪಹಣಿಯ ಪ್ರತಿ ದೊರೆಯತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ವಿಲೇ ಮಾಡುವ ಕಟ್ಟುಪಾಡು ಬಂದಿತು. ದಾಖಲೆಯನ್ನು ತಿದ್ದಿದ ಅಧಿಕಾರಿ ಯಾರೆಂಬುದು ಬೆರಳಚ್ಚಿನ ಮೂಲಕ ದಾಖಲಾಗುವಂತಾಯಿತು. ಇವು ಸಣ್ಣ ಸಾಧನೆಗಳಲ್ಲ.

ಆದರೆ ಗಣಕಯಂತ್ರವು ತನಗೆ ಕೊಟ್ಟದ್ದನ್ನು ಮಾತ್ರ ತೋರಿಸಬಲ್ಲದು. ಪೋಡಿಯಾಗದೆ ಹಲವು ತಲೆಮಾರುಗಳಿಂದ ಒಬ್ಬ ಹಿರಿಯನ ಹೆಸರಿನಲ್ಲಿಯೇ ಉಳಿದ ಜಂಟಿ ಖಾತೆಗಳು, ವಾರಸುದಾರಿಕೆಯಲ್ಲಿ ನಮೂದಾಗದ ಹೆಣ್ಣುಮಕ್ಕಳ ಪಾಲು, ಬಾಯಿಮಾತಿನ ಒಪ್ಪಂದದ ಮೇಲೆ ಉಳುವ ಗೇಣಿದಾರರು ಹಳೆಯ ವಹಿಯಲ್ಲಿ ಇಲ್ಲದಿದ್ದ ಕಾರಣ ಹೊಸ ದತ್ತಸಂಚಯದಲ್ಲಿಯೂ ಕಾಣಲಿಲ್ಲ. ಹಳೆಯ ವ್ಯವಸ್ಥೆಯಲ್ಲಿ ಊರಿನ ಹಿರಿಯರ ಸಾಕ್ಷ್ಯಕ್ಕೆ ಸ್ವಲ್ಪವಾದರೂ ಎಡೆಯಿತ್ತು. ಮುದ್ರಿತ ಪಹಣಿಯ ಮುಂದೆ ಆ ಸಾಕ್ಷ್ಯದ ತೂಕ ಕುಗ್ಗಿತು. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಇನ್ನೂ ಕಟುವಾದ ವಾದವನ್ನು ಮಂಡಿಸಿತು. ದಾಖಲೆಗಳ ಕೇಂದ್ರೀಕರಣದಿಂದ ಲಂಚವು ಅಳಿಯದೆ ಮೇಲಿನ ಹಂತಕ್ಕೆ ಸರಿಯಿತು, ಬೆಂಗಳೂರಿನ ಸುತ್ತಮುತ್ತ ದೊಡ್ಡ ಭೂವ್ಯವಹಾರಸ್ಥರಿಗೆ ಅನುಕೂಲವಾಯಿತು ಎಂಬುದು ಆ ವಾದದ ಸಾರ. ಈ ನಿಲುವನ್ನು ಪೂರ್ಣವಾಗಿ ಒಪ್ಪದವರೂ ಅದು ಎತ್ತಿದ ಪ್ರಶ್ನೆಯನ್ನು ತಳ್ಳಿಹಾಕಲಾರರು. ಮಾಹಿತಿ ಎಲ್ಲರಿಗೂ ಸಮಾನವಾಗಿ ತೆರೆದಿದ್ದರೂ ಅದನ್ನು ಬಳಸಿಕೊಳ್ಳುವ ಶಕ್ತಿ ಎಲ್ಲರಲ್ಲಿಯೂ ಸಮಾನವಾಗಿರುವುದಿಲ್ಲ.

ಗುರುತು ಮತ್ತು ಹಕ್ಕು

ಭೂಮಿಯ ದಾಖಲೆಯಿಂದ ವ್ಯಕ್ತಿಯ ದಾಖಲೆಯತ್ತ ಸಾಗಿದ್ದು ಮುಂದಿನ ಹಂತ. ಭಾರತೀಯ ವಿಶಿಷ್ಟ ಗುರುತಿನ ಪ್ರಾಧಿಕಾರವು 2009ರಲ್ಲಿ ಸ್ಥಾಪನೆಗೊಂಡು, 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದೂರಬಾರ್ ಜಿಲ್ಲೆಯ ತೇಂಭಲಿ ಗ್ರಾಮದಲ್ಲಿ ಮೊದಲ ಆಧಾರ್ ಸಂಖ್ಯೆಗಳು ವಿತರಣೆಯಾದವು. ಅನಂತರದ ವರ್ಷಗಳಲ್ಲಿ ನೂರು ಕೋಟಿಗೂ ಮಿಗಿಲಾದ ಜನ ಅದರ ವ್ಯಾಪ್ತಿಗೆ ಬಂದರು. ಜನನ ಪ್ರಮಾಣಪತ್ರವಾಗಲಿ ಶಾಲೆಯ ದಾಖಲೆಯಾಗಲಿ ಇಲ್ಲದವರಿಗೂ ಒಂದು ಗುರುತನ್ನು ಕೊಡುವುದು ಇದರ ಘೋಷಿತ ಉದ್ದೇಶವಾಗಿತ್ತು. ಸಬ್ಸಿಡಿ ಮತ್ತು ಸೌಲಭ್ಯಗಳಿಗೆ ಈ ಗುರುತನ್ನು ಅಗತ್ಯಗೊಳಿಸಲು 2016ರ ಕಾಯಿದೆಯ 7ನೆಯ ಕಲಮು ಅವಕಾಶ ನೀಡಿತು.

ಸಮಸ್ಯೆ ಎದುರಾದದ್ದು ದೃಢೀಕರಣದ ಹಂತದಲ್ಲಿ. ಕಲ್ಲು ಒಡೆಯುವವರ, ಗಾರೆ ಕೆಲಸದವರ, ವೃದ್ಧರ ಬೆರಳಿನ ಗೆರೆಗಳು ಸವೆದಿರುತ್ತವೆ; ಯಂತ್ರ ಅವುಗಳನ್ನು ಓದಲಾರದು. ನ್ಯಾಯಬೆಲೆ ಅಂಗಡಿಯಲ್ಲಿ ಸಂಪರ್ಕಜಾಲ ಕೈಕೊಟ್ಟರೆ ಒಂದು ದಿನದ ಕೂಲಿಯನ್ನು ಬಿಟ್ಟು ಬಂದವನು ಬರಿಗೈಯಲ್ಲಿ ಮರಳಬೇಕಾಗುತ್ತದೆ. ಜಾರ್ಖಂಡ್ ರಾಜ್ಯದಲ್ಲಿ ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್ ಮತ್ತು ಸಂದೀಪ್ ಸುಖ್ತಂಕರ್ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಷಯದಲ್ಲಿ ಗಮನಾರ್ಹವಾದುದು. ಬೆರಳಚ್ಚಿನ ದೃಢೀಕರಣವನ್ನು ಅಳವಡಿಸಿದ್ದರಿಂದ ಮಾತ್ರವೇ ಪಡಿತರದ ಸೋರಿಕೆ ತಗ್ಗಲಿಲ್ಲ. ಆದರೆ ಆರಂಭದಲ್ಲಿ ಆಧಾರ್ ಜೋಡಣೆಯಾಗದಿದ್ದ ಕುಟುಂಬಗಳಿಗೆ ದೊರೆತ ಪಡಿತರದ ಮೌಲ್ಯವು ಸರಾಸರಿ ಶೇಕಡ 10ರಷ್ಟು ಕುಸಿಯಿತು. ಸೋರಿಕೆಯನ್ನು ತಡೆಯುವ ಹೊರೆ ದುರ್ಬಲರ ಮೇಲೆ ಬಿದ್ದಿತೆಂಬುದು ಇದರ ತಾತ್ಪರ್ಯ. ಕೇವಲ ಆಧಾರ್ ಇಲ್ಲವೆಂಬ ಕಾರಣಕ್ಕೆ ಪಡಿತರ ಪಟ್ಟಿಯಿಂದ ಹೆಸರು ತೆಗೆಯಬಾರದೆಂದು ಕೇಂದ್ರ ಆಹಾರ ಇಲಾಖೆಯೇ 2017ರ ಅಕ್ಟೋಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಬೇಕಾಯಿತು.

ಈ ವ್ಯವಸ್ಥೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಆ ಮೊಕದ್ದಮೆಯಲ್ಲಿ ಉದ್ಭವಿಸಿದ ಪ್ರಶ್ನೆಯನ್ನು ಆಲಿಸಿದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 2018ರ ಸೆಪ್ಟೆಂಬರ್ 26ರಂದು ಐವರ ಪೀಠವು 4:1ರ ಬಹುಮತದಿಂದ ಆಧಾರ್ ಕಾಯಿದೆಯನ್ನು ಎತ್ತಿಹಿಡಿಯಿತಾದರೂ, ಖಾಸಗಿ ಸಂಸ್ಥೆಗಳು ಅದನ್ನು ಬಳಸಲು ಇದ್ದ ಅವಕಾಶಕ್ಕೆ ಕತ್ತರಿ ಹಾಕಿತು.

ಕಾನೂನುಗಳ ತುಲನೆ

ಆಡಳಿತವೇ ಅತಿದೊಡ್ಡ ಮಾಹಿತಿ ಸಂಗ್ರಾಹಕನಾಗಿರುವ ದೇಶಗಳಲ್ಲಿ ಮಾಹಿತಿ ರಕ್ಷಣೆಯ ಕಾನೂನು ಆಡಳಿತಕ್ಕೆ ಅನ್ವಯಿಸುತ್ತದೆಯೇ ಎಂಬುದು ಮೊದಲು ಕೇಳಬೇಕಾದ ಪ್ರಶ್ನೆ. ಏಷ್ಯಾದ ರಾಷ್ಟ್ರಗಳು ಇದಕ್ಕೆ ಬೇರೆ ಬೇರೆ ಉತ್ತರಗಳನ್ನು ನೀಡಿವೆ. ಮಲೇಷ್ಯಾದ 2010ರ ಕಾಯಿದೆಯು ಒಕ್ಕೂಟ ಸರ್ಕಾರವನ್ನೂ ರಾಜ್ಯ ಸರ್ಕಾರಗಳನ್ನೂ ತನ್ನ ವ್ಯಾಪ್ತಿಯಿಂದ ಹೊರಗಿರಿಸಿತು. ಫಿಲಿಪ್ಪೀನ್ಸ್‌ನ 2012ರ ಕಾಯಿದೆ ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಇದರ ಬೆಲೆ 2016ರಲ್ಲಿ ತಿಳಿಯಿತು. ಆ ವರ್ಷ ಅಲ್ಲಿನ ಚುನಾವಣಾ ಆಯೋಗದಿಂದ ಸುಮಾರು 5.5 ಕೋಟಿ ಮತದಾರರ ವಿವರಗಳು ಸೋರಿಹೋದಾಗ, ಆಗತಾನೆ ರಚನೆಗೊಂಡಿದ್ದ ರಾಷ್ಟ್ರೀಯ ಖಾಸಗಿತನ ಆಯೋಗವು ವಿಚಾರಣೆ ನಡೆಸಿ, ಚುನಾವಣಾ ಆಯೋಗದ ಅಧ್ಯಕ್ಷರ ಮೇಲೆಯೇ ಕ್ರಿಮಿನಲ್ ಮೊಕದ್ದಮೆ ಹೂಡುವಂತೆ ಶಿಫಾರಸು ಮಾಡಿತು. ಒಂದು ಸರ್ಕಾರಿ ಸಂಸ್ಥೆ ಮತ್ತೊಂದನ್ನು ಹೊಣೆಯಾಗಿಸಿದ ಈ ನಿದರ್ಶನ ಈ ಭಾಗದಲ್ಲಿ ಅಪರೂಪದ್ದು.

ಇಂಡೋನೇಷ್ಯಾದ 2022ರ ಕಾನೂನೂ ಶ್ರೀಲಂಕಾದ 2022ರ ಕಾಯಿದೆಯೂ ಸಾರ್ವಜನಿಕ ಸಂಸ್ಥೆಗಳನ್ನು ಒಳಗೊಂಡಿವೆ. ಆದರೆ ಕಾನೂನಿನ ಅಕ್ಷರವಷ್ಟೇ ರಕ್ಷಣೆ ನೀಡಲಾರದೆಂಬುದಕ್ಕೆ ಇಂಡೋನೇಷ್ಯಾವೇ ಸಾಕ್ಷಿ. 2024ರ ಜೂನ್‌ನಲ್ಲಿ ಅಲ್ಲಿನ ತಾತ್ಕಾಲಿಕ ರಾಷ್ಟ್ರೀಯ ದತ್ತಾಂಶ ಕೇಂದ್ರವು ಸುಲಿಗೆಕೋರರ ದಾಳಿಗೆ ತುತ್ತಾಗಿ 200ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳ ಸೇವೆ ಅಸ್ತವ್ಯಸ್ತಗೊಂಡಿತು. ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರು ಗಂಟೆಗಟ್ಟಲೆ ಸಾಲುಗಟ್ಟಿ ನಿಂತರು. ದಾಳಿಕೋರರು ಕೇಳಿದ 80 ಲಕ್ಷ ಡಾಲರ್ ಹಣವನ್ನು ಸರ್ಕಾರ ಕೊಡಲೊಪ್ಪಲಿಲ್ಲ. ಆದರೆ ಅಲ್ಲಿ ಇರಿಸಿದ್ದ ಹೆಚ್ಚಿನ ಮಾಹಿತಿಗೆ ಮರುಪ್ರತಿಯೇ ಇರಲಿಲ್ಲವೆಂಬ ಸಂಗತಿ ಆಗ ಬಯಲಾಯಿತು.

ಭಾರತದಲ್ಲಿ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯ 2018ರ ವರದಿ, 2019ರ ಮಸೂದೆ, 2022ರಲ್ಲಿ ಅದರ ಹಿಂತೆಗೆತ ಇವುಗಳ ಅನಂತರ 2023ರ ಆಗಸ್ಟ್ 11ರಂದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಹಂತಹಂತವಾಗಿ ಜಾರಿಗೊಳ್ಳುವಂತೆ ಅದರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಪ್ರಕಟಿಸಲಾಯಿತು. ಲೋಪಕ್ಕೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದಾದ ಈ ಕಾಯಿದೆಯು ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಆದರೆ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಗಾಗಿ ತಾನು ಅಧಿಸೂಚಿಸಿದ ಸರ್ಕಾರಿ ಸಂಸ್ಥೆಗೆ ಸಂಪೂರ್ಣ ವಿನಾಯಿತಿ ನೀಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ದೂರುಗಳನ್ನು ವಿಚಾರಿಸುವ ಮಂಡಳಿಯ ಸದಸ್ಯರನ್ನು ನೇಮಿಸುವುದೂ ಅದೇ ಸರ್ಕಾರ. ತಂತ್ರಜ್ಞಾನ ಗಡಿ ದಾಟಿದಷ್ಟು ಸುಲಭವಾಗಿ ಹೊಣೆಗಾರಿಕೆ ಗಡಿ ದಾಟುವುದಿಲ್ಲವೆಂಬುದೂ ಇಲ್ಲಿ ಗಮನಿಸತಕ್ಕದ್ದು. ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ 2018ರಿಂದ ರೂಪುಗೊಂಡ ಮುಕ್ತ ಗುರುತಿನ ತಂತ್ರಾಂಶ ‘ಮೋಸಿಪ್’ ಅನ್ನು ಫಿಲಿಪ್ಪೀನ್ಸ್ ತನ್ನ ರಾಷ್ಟ್ರೀಯ ಗುರುತಿನ ವ್ಯವಸ್ಥೆಗೆ ಅಳವಡಿಸಿಕೊಂಡಿದೆ. ತಂತ್ರಾಂಶ ಒಂದು ನೆಲದಲ್ಲಿ ಬೆಳೆದದ್ದಾದರೂ, ಅದನ್ನು ಬಳಸುವ ಆಡಳಿತವನ್ನು ಪ್ರಶ್ನಿಸುವ ಹಕ್ಕನ್ನು ಆಯಾ ದೇಶದ ಕಾನೂನೇ ಕಟ್ಟಿಕೊಡಬೇಕು.

ಭಾಷೆ ಮತ್ತು ಅಂಗವೈಕಲ್ಯ

ಸಮ್ಮತಿಯು ಮುಕ್ತವೂ ತಿಳಿವಳಿಕೆಯಿಂದ ಕೂಡಿದ್ದೂ ಆಗಿರಬೇಕೆಂದು ಭಾರತದ ಕಾಯಿದೆ ಹೇಳುತ್ತದೆ. ಇದಕ್ಕಾಗಿ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದಾದರೊಂದರಲ್ಲಿ ಓದುವ ಆಯ್ಕೆಯನ್ನು ಕೊಡಬೇಕು. ಇದು ಸ್ವಾಗತಾರ್ಹ. ಕನ್ನಡ ಮತ್ತು ಕೊಂಕಣಿ ಈ ಪಟ್ಟಿಯಲ್ಲಿವೆ. ತುಳು, ಕೊಡವ, ಬ್ಯಾರಿ, ಲಂಬಾಣಿಗಳಿಲ್ಲ. ಪಟ್ಟಿಯಲ್ಲಿರುವ ಭಾಷೆಗಳ ವಿಷಯದಲ್ಲಿಯೂ ಇಂಗ್ಲಿಷ್ ಕರಾರನ್ನು ಪದಕ್ಕೆ ಪದವಾಗಿ ಅನುವಾದಿಸಿದರೆ ಅಕ್ಷರಸ್ಥನಿಗೂ ಅದು ಅರ್ಥವಾಗುವುದಿಲ್ಲ. ಓದುಬಾರದವರಿಗೆ ಅದನ್ನು ಯಾರಾದರೂ ಬಾಯಿಮಾತಿನಲ್ಲಿ ವಿವರಿಸಬೇಕು. ಹೀಗೆ ವಿವರಿಸುವವನೇ ಬಹುಪಾಲು ಸಂದರ್ಭಗಳಲ್ಲಿ ಅರ್ಜಿ ತುಂಬಿಸಿ ಹೆಬ್ಬೆಟ್ಟು ಪಡೆಯುವವನೂ ಆಗಿರುತ್ತಾನೆ.

ಅಂಗವಿಕಲರ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲ್ 30ರಂದು ನೀಡಿದ ತೀರ್ಪು ಮಹತ್ವದ್ದಾಗಿದೆ. ಗ್ರಾಹಕರ ಗುರುತನ್ನು ಡಿಜಿಟಲ್ ಮಾಧ್ಯಮದಲ್ಲಿ ದೃಢೀಕರಿಸುವಾಗ ಕ್ಯಾಮೆರಾದೆದುರು ಕಣ್ಣು ಮಿಟುಕಿಸಬೇಕೆಂಬ ನಿಯಮವಿತ್ತು. ಆಸಿಡ್ ದಾಳಿಯಿಂದ ಕಣ್ಣು, ಮುಖಗಳಿಗೆ ಹಾನಿಯಾದವರಿಗೆ ಇದು ಸಾಧ್ಯವಿರಲಿಲ್ಲ. ಡಿಜಿಟಲ್ ಸೌಲಭ್ಯಗಳ ಪ್ರಾಪ್ತಿಯು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿದ ನ್ಯಾಯಾಲಯವು ನಿಯಮಗಳ ಬದಲಾವಣೆಗೆ 20 ನಿರ್ದೇಶನಗಳನ್ನು ನೀಡಿತು. ಯಂತ್ರಕ್ಕೆ ಹೊಂದದ ದೇಹವನ್ನು ದೋಷವೆಂದು ಎಣಿಸದೆ, ದೇಹಕ್ಕೆ ಹೊಂದದ ಯಂತ್ರವನ್ನು ತಿದ್ದಬೇಕೆಂಬ ತತ್ತ್ವ ಈ ತೀರ್ಪಿನ ಹಿಂದಿದೆ.

ಖಾಸಗಿತನ ಮತ್ತು ಪಾರದರ್ಶಕತೆ

ಬಡವರಿಗೆ ತಮ್ಮ ಮಾಹಿತಿಯ ಗೋಪ್ಯತೆ ಎಷ್ಟು ಮುಖ್ಯವೋ ಆಡಳಿತದ ಮಾಹಿತಿಯ ಬಹಿರಂಗತೆಯೂ ಅಷ್ಟೇ ಮುಖ್ಯ. 2005ರ ಉದ್ಯೋಗ ಖಾತರಿ ಕಾಯಿದೆಯಡಿ ಸಾಮಾಜಿಕ ಪರಿಶೋಧನೆಯ ಸಭೆಗಳಲ್ಲಿ ಕೂಲಿಕಾರರ ಹಾಜರಿ ಪಟ್ಟಿಯನ್ನು ಹೆಸರು ಸಹಿತ ಓದಲಾಗುತ್ತಿತ್ತು. ಸತ್ತವರ ಹೆಸರಿನಲ್ಲಿ ಹಣ ಎತ್ತಿದ್ದರೆ ಅದು ಬೆಳಕಿಗೆ ಬರುತ್ತಿದ್ದುದು ಹೀಗೆ ಓದಿದ್ದರಿಂದಲೇ. ರಾಜಸ್ಥಾನ ಸರ್ಕಾರವು 2019ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿದ ‘ಜನ ಸೂಚನಾ’ ಜಾಲತಾಣವು ಪಡಿತರ, ಪಿಂಚಣಿ ಮೊದಲಾದ ಯೋಜನೆಗಳ ವಿವರಗಳನ್ನು ಯಾರೂ ಅರ್ಜಿ ಹಾಕದೆಯೇ ತೆರೆದಿಟ್ಟಿತು.

2023ರ ಕಾಯಿದೆಯ 44(3)ನೆಯ ಕಲಮು ಈ ಪರಂಪರೆಯ ಮೇಲೆ ಪರಿಣಾಮ ಬೀರುವಂತಹದು. ಮಾಹಿತಿ ಹಕ್ಕು ಕಾಯಿದೆಯ 8(1)(ಜೆ) ಕಲಮಿನ ಮೂಲರೂಪದಲ್ಲಿ, ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಲು ಅದಕ್ಕೂ ಸಾರ್ವಜನಿಕ ಚಟುವಟಿಕೆಗೂ ಸಂಬಂಧವಿಲ್ಲವೆಂದು ಅಥವಾ ಅದರಿಂದ ಖಾಸಗಿತನಕ್ಕೆ ಅನುಚಿತ ಧಕ್ಕೆಯಾಗುತ್ತದೆಂದು ತೋರಿಸಬೇಕಿತ್ತು. ತಿದ್ದುಪಡಿಯ ಅನಂತರ ಮಾಹಿತಿಯು ವೈಯಕ್ತಿಕವೆಂಬುದಷ್ಟೇ ನಿರಾಕರಣೆಗೆ ಸಾಕಾಗುತ್ತದೆ. ಸಾರ್ವಜನಿಕ ಹಿತ ಮಿಗಿಲೆನಿಸಿದರೆ ಮಾಹಿತಿ ನೀಡಬಹುದೆಂಬ 8(2)ನೆಯ ಉಪಕಲಮು ಉಳಿದಿದೆಯಾದರೂ, ಆ ತೀರ್ಮಾನ ಅಧಿಕಾರಿಯ ವಿವೇಚನೆಗೆ ಸೇರಿದೆ. ಪ್ರಜೆಯನ್ನು ರಕ್ಷಿಸಬೇಕಾದ ಪರದೆಯು ಆಡಳಿತವನ್ನೇ ಮರೆಮಾಡುವ ಅಪಾಯ ಇಲ್ಲಿದೆ.

ಉಪಸಂಹಾರ

ಮೇಲಿನ ಅವಲೋಕನದಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಗಣಕೀಕರಣವು ಮಧ್ಯವರ್ತಿಗಳ ಹಿಡಿತವನ್ನು ಸಡಿಲಿಸಬಲ್ಲದು. ಆದರೆ ದಾಖಲೆಯಲ್ಲಿ ಮೊದಲೇ ಇಲ್ಲದವರನ್ನು ತಾನಾಗಿ ಒಳಗೆ ತರಲಾರದು. ಮಾಹಿತಿ ರಕ್ಷಣೆಯ ಕಾನೂನು ಸರ್ಕಾರವನ್ನೂ ಕಟ್ಟಿಹಾಕಿದಾಗ ಮಾತ್ರ ಸಾಮಾನ್ಯನಿಗೆ ಉಪಯುಕ್ತವಾಗುತ್ತದೆ. ಯಂತ್ರ ಸೋತಾಗ ಬಳಸಬಹುದಾದ ಬದಲಿ ದಾರಿ, ತನ್ನ ಭಾಷೆಯಲ್ಲಿ ವಿವರಣೆ, ತನ್ನ ಊರಿನಲ್ಲಿಯೇ ದೂರು ಸ್ವೀಕರಿಸುವ ಅಧಿಕಾರಿ ಇವು ನೀತಿಯ ಕೊನೆಯಲ್ಲಿ ಸೇರಿಸುವ ಅನುಬಂಧಗಳಾಗದೆ ಅದರ ಅಡಿಪಾಯವೇ ಆಗಬೇಕು.

ಹಿಂದೆ ಹಳ್ಳಿಯ ರೈತನು ಲೆಕ್ಕದ ಪುಸ್ತಕದಲ್ಲಿನ ತಪ್ಪನ್ನು ಕಂಡು ಶಾನುಭೋಗರ ಮನೆಯ ಜಗಲಿಯ ಮುಂದೆ ನಿಂತು ಪ್ರಶ್ನಿಸಬಹುದಾಗಿತ್ತು. ಉತ್ತರ ನ್ಯಾಯವಾದುದೇ ಆಗಿರುತ್ತಿತ್ತೆಂದು ಹೇಳಲಾಗದು. ಆದರೆ ಯಾರನ್ನು ಕೇಳಬೇಕೆಂಬುದು ಅವನಿಗೆ ತಿಳಿದಿತ್ತು. ಇಂದಿನ ದತ್ತಸಂಚಯದ ಮುಂದೆ ನಿಂತ ಪ್ರಜೆಗೆ ಆ ಜಗಲಿಯೂ ಇಲ್ಲ. ನ್ಯಾಯವನ್ನೂ ನೀಡುವ, ಕೇಳಲು ಒಂದು ಬಾಗಿಲನ್ನೂ ತೆರೆದಿಡುವ ವ್ಯವಸ್ಥೆಯನ್ನು ರೂಪಿಸುವುದೇ ಏಷ್ಯಾದ ಈ ರಾಷ್ಟ್ರಗಳ ಮುಂದಿರುವ ಕೆಲಸ.