ಪದರ ಹಲಗೆಗೆ ಹೆಬ್ಬೇವು

ಗುಬ್ಬಿ ತಾಲ್ಲೂಕಿನ ನಿಟ್ಟೂರು ಸುತ್ತಿನಲ್ಲಿ ತೆಂಗು, ಅಡಿಕೆ, ರಾಗಿ ಮುಖ್ಯ ಬೆಳೆಗಳು. ಇಂಥ ಜಮೀನುಗಳ ಬದುವಿನಲ್ಲಿ ಬೆಳೆಯಬಹುದಾದ ಮರಗಳಲ್ಲಿ ಹೆಬ್ಬೇವು ಒಂದು. ಹೆಸರಿನಲ್ಲಿ ಬೇವು ಇದ್ದರೂ ಇದು ಮನೆಯಂಗಳದ ಬೇವಲ್ಲ. ಎರಡೂ ಒಂದೇ ಕುಟುಂಬದವು, ಅಷ್ಟೆ. ನೀರು, ಮಣ್ಣು ಅನುಕೂಲವಾಗಿದ್ದರೆ ಆರರಿಂದ ಎಂಟು ವರ್ಷಗಳಲ್ಲಿ ಪ್ಲೈವುಡ್ ಕಾರ್ಖಾನೆಗೆ ಒದಗುತ್ತದೆ.

ಶೀತ ದೇಶಗಳಲ್ಲಿ ಪದರ ಹಲಗೆಗೆ ಸ್ಪ್ರೂಸ್ ಮರವನ್ನು ಬಳಸುವುದುಂಟು. ಅದು ಹಗುರ, ಎಳೆ ನೇರ. ನಮ್ಮ ದೇಶದಲ್ಲಿ ಹಿಮಾಲಯದಲ್ಲಿ ಬೆಳೆಯುವ ಆ ಮರ ಬಯಲುಸೀಮೆಗೆ ಒಗ್ಗದು. ಹೆಬ್ಬೇವೂ ಹಗುರವಾದ, ನೆಟ್ಟಗೆ ಬೆಳೆಯುವ ಮರವೇ.

ಕಾರ್ಖಾನೆಯಲ್ಲಿ ದಿಮ್ಮಿಯನ್ನು ಗರಗರನೆ ತಿರುಗಿಸಿ, ಉದ್ದನೆಯ ಅಲಗಿಗೆ ಒತ್ತಿ ಹಿಡಿಯುತ್ತಾರೆ. ಸುತ್ತಿದ ಚಾಪೆ ಬಿಚ್ಚಿಕೊಂಡಂತೆ ಮರ ತೆಳು ಹಾಳೆಯಾಗಿ ಬರುತ್ತದೆ. ಇದೇ ವೆನೀರ್. ಒಣಗಿಸಿದ ಹಾಳೆಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡ ಬರುವಂತೆ ಜೋಡಿಸಿ, ಅಂಟು ಹಾಕಿ, ಬಿಸಿಯಲ್ಲಿ ಒತ್ತಿದರೆ ಪ್ಲೈವುಡ್. ಎಳೆಗಳು ಅಡ್ಡಡ್ಡ ಕೂಡುವುದರಿಂದ ಹಲಗೆ ಸುಲಭವಾಗಿ ಸೀಳುವುದಿಲ್ಲ.

ದಿಮ್ಮಿಯ ನಡುವಿನ ತಿರುಳು ಸುಲಿಯಲಾಗದೆ ಉಳಿಯುತ್ತದೆ. ಅದು ಎರಡು ಅಂಗುಲ ದಪ್ಪ ಎಂದಿಟ್ಟುಕೊಂಡರೆ, ನಾಲ್ಕಂಗುಲ ವ್ಯಾಸದ ದಿಮ್ಮಿಯಲ್ಲಿ ಕಾಲು ಭಾಗ ಮರ ಅದರಲ್ಲೇ ಹೋಯಿತು. ಎಂಟಂಗುಲದ ದಿಮ್ಮಿಯಲ್ಲಿ ಹೋಗುವುದು ಹದಿನಾರನೆಯ ಒಂದು ಭಾಗ ಮಾತ್ರ. ಕೈಯಲ್ಲಿ ಕಾಸಿಲ್ಲವೆಂದು ಎಳೆಯ ಮರ ಕಡಿಯುವವರು ಈ ಲೆಕ್ಕ ನೋಡಬೇಕು. ಡೊಂಕು ದಿಮ್ಮಿಯೂ ಗುಂಡಗಾಗುವವರೆಗೆ ಬರೀ ಚೂರು ಉದುರಿಸುತ್ತದೆ.

ಇನ್ನು ಗಂಟು. ಒಣಗಿದ ಕೊಂಬೆಯ ಬುಡ ಹಾಳೆಯಲ್ಲಿ ತೂತಾಗಿ ಕಾಣುತ್ತದೆ. ಆದ್ದರಿಂದ ಮೊದಲ ಎರಡು ಮೂರು ವರ್ಷ ಪಕ್ಕದ ರೆಂಬೆಗಳನ್ನು ಎಳೆಯದಿರುವಾಗಲೇ, ಸಿಪ್ಪೆ ಕೀಳದಂತೆ ಹರಿತವಾದ ಕತ್ತಿಯಿಂದ ಸವರಬೇಕು. ನೆತ್ತಿಯ ಸೊಪ್ಪನ್ನು ಮಾತ್ರ ಮುಟ್ಟಬಾರದು. ಕತ್ತಿ ಕಾಣದೆ ಬೆಳೆದ ಮರ ಕೊನೆಗೆ ಸೌದೆಯ ದರಕ್ಕೆ ಹೋದರೆ ಅಚ್ಚರಿಯಿಲ್ಲ.

ಇಡೀ ತೋಪು ಮಾಡುವವರು ಐದು ಮೀಟರಿಗೊಂದರಂತೆ ನೆಟ್ಟರೆ ಹೆಕ್ಟೇರಿಗೆ 400 ಸಸಿ ಹಿಡಿಸುತ್ತವೆ. ನೀರು ನಿಲ್ಲುವ ಜಾಗ ಬೇಡ. ಬದುವಿನ ಮರ ದೊಡ್ಡದಾದಂತೆ ಪಕ್ಕದ ರಾಗಿ ಸಾಲಿಗೆ ನೆರಳು ಬೀಳುವುದನ್ನೂ ಗಮನದಲ್ಲಿಡಬೇಕು. ಅರಣ್ಯ ಇಲಾಖೆಯಿಂದ ಸಸಿ ಪಡೆದು ನೆಡುವವರಿಗೆ 2011ರಲ್ಲಿ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಆರಂಭವಾಯಿತು. ವಿವರಗಳನ್ನು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಬಹುದು. ಕಡಿಯಲು, ಸಾಗಿಸಲು ಇರುವ ನಿಯಮಗಳನ್ನೂ ಅಲ್ಲಿಯೇ ಮೊದಲು ತಿಳಿಯಬೇಕು.

ದರ ಗೊತ್ತಾಗುವ ಮುನ್ನ ಕೊಡಲಿ ಹಾಕಬಾರದು. ತೂಕದ ಮೇಲೆ ಮಾರುವಾಗ ಬಿದ್ದ ಮರ ದಿನದಿನಕ್ಕೆ ಹಗುರಾಗುತ್ತದೆ, ತುದಿ ಬಿರಿಯುತ್ತದೆ. ಆಗ ವ್ಯಾಪಾರಿ ಹೇಳಿದ್ದೇ ಬೆಲೆ. ಲಾರಿ ಬರುವುದು ತಡವಾದರೆ ದಿಮ್ಮಿಗಳನ್ನು ನೆರಳಿಗೆ ಉರುಳಿಸಿ, ತುದಿಗಳಿಗೆ ಒದ್ದೆ ಗೋಣಿ ಹೊದಿಸಬೇಕು.