ಬಳೆ ತೊಟ್ಟು ಬಂದ ಸಹೋದ್ಯೋಗಿ

ಹೊಸದುರ್ಗ ತಾಲ್ಲೂಕಿನ ಮತ್ತೋಡು ಗೊತ್ತಲ್ಲ? ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾದ ಊರು. ಇನ್ನೂರು ವರ್ಷಗಳ ಹಿಂದೆ ಬಂದಿದ್ದ ಬುಕಾನನ್ ಎಂಬ ಸಾಹೇಬ ಇಲ್ಲಿನ ಗಾಜಿನ ಕೆಲಸದ ಬಗ್ಗೆ ತನ್ನ ಪ್ರವಾಸ ಕಥನದಲ್ಲಿ ಬರೆದಿಟ್ಟಿದ್ದಾನೆ.

ವೀಕ್ಷಕರೇ, ಇಂಥ ಒಂದು ಹೋಬಳಿ ಊರಿನ ಕಚೇರಿಯನ್ನು ಕಣ್ಮುಂದೆ ತಂದುಕೊಳ್ಳಿ. ಐದಾರು ವರ್ಷ ಪಕ್ಕದ ಮೇಜಿನಲ್ಲಿ ಕೂತು, ದಿನಾ ನಿಮ್ಮ ಜೊತೆ ಟೀ ಕುಡಿದ ಗುಮಾಸ್ತರು ಒಂದು ಸೋಮವಾರ ಬಳೆ ತೊಟ್ಟು ಬರ್ತಾರೆ. "ನಾನು ಹೆಣ್ಣು. ಇನ್ನು ಮುಂದೆ ನನ್ನನ್ನು ಈ ಹೆಸರಿನಿಂದ ಕರೀರಿ" ಅಂತಾರೆ. ನೀವೇನು ಮಾಡ್ತೀರಿ?

'ಇದೆಲ್ಲಾ ಬೆಂಗಳೂರಿನ ಐಟಿ ಕಂಪನಿಗಳ ವಿಷಯ, ನಮಗ್ಯಾಕೆ' ಅಂತ ಚಾನೆಲ್ ಬದಲಿಸಬೇಡಿ. 2021ರ ಜುಲೈನಲ್ಲಿ ನಮ್ಮ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರಷ್ಟು ಮೀಸಲಾತಿ ಕೊಟ್ಟಿದೆ. ಇಂಥ ನಿಯಮ ತಂದ ಮೊದಲ ರಾಜ್ಯ ಕರ್ನಾಟಕ. ಅಂದಮೇಲೆ ನಾಳೆ ಆ ಸಹೋದ್ಯೋಗಿ ನಿಮ್ಮ ತಾಲ್ಲೂಕು ಕಚೇರಿಯಲ್ಲೇ ಇರಬಹುದು.

ಕಾನೂನು ಏನು ಹೇಳುತ್ತೆ? 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್, ತನ್ನ ಲಿಂಗತ್ವ ಯಾವುದೆಂದು ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದಿತು. 2019ರ ಕಾಯ್ದೆ ಕೆಲಸದ ಜಾಗದಲ್ಲಿ ತಾರತಮ್ಯವನ್ನು ನಿಷೇಧಿಸಿತು. ಸಂಸ್ಥೆಯಲ್ಲಿ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು ಎಂದಿತು. ಆದರೂ ಗುಜರಾತಿನ ಶಾಲೆಯೊಂದು ಕೆಲಸ ಕೊಡ್ತೀವಿ ಅಂತ ಹೇಳಿ, ಶಿಕ್ಷಕಿ ಟ್ರಾನ್ಸ್‌ಜೆಂಡರ್ ಎಂದು ಗೊತ್ತಾದ ಮೇಲೆ ಹಿಂದೆ ಸರಿಯಿತು. ಆ ಶಿಕ್ಷಕಿ ಜೇನ್ ಕೌಶಿಕ್ ಸುಪ್ರೀಂ ಕೋರ್ಟಿಗೇ ಹೋದರು. 2025ರ ಅಕ್ಟೋಬರ್‌ನಲ್ಲಿ ಕೋರ್ಟ್ ಅವರಿಗೆ ಪರಿಹಾರ ಕೊಡಿಸಿತು.

ಆದರೆ ನ್ಯಾಯಾಲಯ ಪರಿಹಾರ ಕೊಡಿಸಬಹುದು, ಪಕ್ಕದ ಮೇಜಿನವರ ಮುಗುಳ್ನಗೆ ಕೊಡಿಸೋಕಾಗುತ್ತಾ? ಅದು ನಮ್ಮ ಕೈಯಲ್ಲಿದೆ.

ಮೊದಲನೆಯದು ಹೆಸರು. ಹೊಸ ಹೆಸರಿನಿಂದಲೇ ಕರೀರಿ. ನಿನ್ನೆವರೆಗೆ ಅಣ್ಣ ಅಂತಿದ್ದವರು ಇವತ್ತು ಅಕ್ಕ ಅನ್ನಿ. ಬಾಯಿ ತಪ್ಪಿದರೆ ಒಂದು ಸಲ 'ಸಾರಿ' ಹೇಳಿ ಕೆಲಸ ಮುಂದುವರಿಸಿ, ಅದನ್ನೇ ಎಳೆಯಬೇಡಿ. ನಮ್ಮ ಕನ್ನಡ ಒಂದು ಉಪಕಾರ ಮಾಡಿದೆ. 'ಬಂದ', 'ಬಂದಳು' ಎಂಬಲ್ಲಿ ಗಂಡು ಹೆಣ್ಣು ಇದೆ. 'ಅವರು ಬಂದರು' ಎಂಬಲ್ಲಿ ಇರೋದು ಮರ್ಯಾದೆ ಮಾತ್ರ. ರೂಢಿಯಾಗುವವರೆಗೆ ಅದು ಕೈ ಹಿಡಿಯುತ್ತೆ.

ಎರಡನೆಯದು ಗುಟ್ಟು. ನಿಮಗೊಬ್ಬರಿಗೇ ಹೇಳಿದ್ದಾರೆ ಅಂದರೆ ಅದು ನಿಮ್ಮ ಹತ್ತಿರವೇ ಇರಲಿ. ಯಾರಿಗೆ, ಯಾವಾಗ ಹೇಳಬೇಕು ಅನ್ನೋದು ಅವರ ತೀರ್ಮಾನ. 'ಆಪರೇಷನ್ ಆಯ್ತಾ?' ಅಂತ ಕೇಳಬೇಡಿ. ಪಕ್ಕದವರ ಹರ್ನಿಯಾ ಆಪರೇಷನ್ ವಿವರವನ್ನು ಎಲ್ಲರೆದುರು ಕೇಳ್ತೀರಾ? ಹಾಗೇ ಇದೂ.

ಮೂರನೆಯದು ಶೌಚಾಲಯ. ಇಡೀ ದಿನ ನೀರು ಕುಡಿಯದೆ ಬಿಗಿಹಿಡಿದು ಕೂರುವ ಸ್ಥಿತಿ ಯಾರಿಗೂ ಬರಬಾರದು. ಅವರನ್ನೇ ಕೇಳಿ ಒಂದು ವ್ಯವಸ್ಥೆ ಮಾಡೋದು ಮೇಲಧಿಕಾರಿಯ ಕೆಲಸ. ಹಾಜರಿ ಪುಸ್ತಕ, ಗುರುತಿನ ಚೀಟಿ, ಸಂಬಳದ ಪಟ್ಟಿ ಎಲ್ಲದರಲ್ಲೂ ಹೆಸರು ಬದಲಾಗಬೇಕು. ಅದಕ್ಕೆ ಬೇಕಾದ ಪ್ರಮಾಣಪತ್ರ ಕೊಡುವವರು ಜಿಲ್ಲಾಧಿಕಾರಿ. ಆ ಓಡಾಟಕ್ಕೆ ರಜೆ ಕೊಡಿ.

ಕಚೇರಿ ಸರಿಯಾದರೆ ಸಾಕಾ? 2017ರಲ್ಲಿ ಕೊಚ್ಚಿ ಮೆಟ್ರೋ 23 ಟ್ರಾನ್ಸ್‌ಜೆಂಡರ್‌ಗಳನ್ನು ಕೆಲಸಕ್ಕೆ ಆಯ್ಕೆ ಮಾಡಿ ದೇಶದ ಗಮನ ಸೆಳೆಯಿತು. ಆದರೆ ಕೆಲವೇ ವಾರಗಳಲ್ಲಿ ಹಲವರು ಕೆಲಸ ಬಿಟ್ಟರು. ಕಾರಣ? ಬಾಡಿಗೆಗೆ ಮನೆ ಸಿಗಲಿಲ್ಲ! ಕೆಲಸ ಕೊಟ್ಟಿತ್ತು ಸಂಸ್ಥೆ, ಬಾಗಿಲು ಹಾಕಿದ್ದು ಊರು.

ಅದಕ್ಕೇ ನಾಲ್ಕನೆಯ ಮಾತು: ಬೆನ್ನ ಹಿಂದೆ ಗುಸುಗುಸು ಶುರುವಾದಾಗ ನೀವು ನಗಬೇಡಿ. 'ಬಿಡ್ರೀ, ಅವರ ಪಾಡಿಗೆ ಅವರು ಕೆಲಸ ಮಾಡ್ತಿದ್ದಾರೆ' ಅಂತ ಒಬ್ಬರು ಹೇಳಿದರೆ ಸಾಕು, ಅರ್ಧ ಬಾಯಿ ಮುಚ್ಚುತ್ತೆ.

ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಟಿವಿಯಲ್ಲಿ ಕಂಡವರಿಗೆ ಚಪ್ಪಾಳೆ ತಟ್ಟೋದು ಸುಲಭ. ಪಕ್ಕದ ಮೇಜಿನವರಿಗೆ ಚಪ್ಪಾಳೆ ಬೇಡ. 'ಬನ್ನಿ ಅಕ್ಕ, ಟೀ ಕುಡಿಯೋಣ' ಅನ್ನಿ, ಸಾಕು.