ಕಂಚಿನ ಪದಕಕ್ಕೆ ಬೆಲೆ ಎಲ್ಲಿಂದ?

ಅಮೆರಿಕದ ಅಧ್ಯಕ್ಷರ ಹೆಸರಿನಲ್ಲಿ ಅಲ್ಲಿನ ಮೂಲನಿವಾಸಿ ಮುಖಂಡರಿಗೆ ‘ಶಾಂತಿ ಪದಕ’ ಕೊಡುವ ಪದ್ಧತಿಯಿತ್ತು. ಆ ಪದಕಗಳು ಬೆಳ್ಳಿಯವು. 1801ರ ಜೆಫರ್ಸನ್ ಪದಕದ ಒಂದು ಬದಿಯಲ್ಲಿ ಅಧ್ಯಕ್ಷರ ಮುಖ, ಇನ್ನೊಂದು ಬದಿಯಲ್ಲಿ ಕೈಕುಲುಕುವ ಹಸ್ತಗಳು. ಮುಂದೆ ಟಂಕಸಾಲೆ ಸಂಗ್ರಾಹಕರಿಗಾಗಿ ಕಂಚಿನ ಪ್ರತಿಗಳನ್ನು ಹೊರಡಿಸಿತು. ಚಿತ್ರ ಅದೇ, ಆದರೆ ಕಂಚಿನದು ಯಾವ ಒಪ್ಪಂದಕ್ಕೂ ಸಾಕ್ಷಿಯಲ್ಲ.

ನಮ್ಮ ರಾಷ್ಟ್ರಪತಿಗಳು ಪ್ರದಾನ ಮಾಡುವ ಪದ್ಮ ಪದಕಗಳಾದರೋ ಅಸಲಿಯೇ ಕಂಚಿನವು. 1954ರಲ್ಲಿ ಆರಂಭವಾದ ಈ ಗೌರವದ ಪದಕಗಳು ತಯಾರಾಗುವುದು ಕೋಲ್ಕತ್ತದ ಸರ್ಕಾರಿ ಟಂಕಸಾಲೆಯಲ್ಲಿ. ಮುಂಬದಿಯಲ್ಲಿ ಕಮಲ, ಹಿಂಬದಿಯಲ್ಲಿ ರಾಷ್ಟ್ರಲಾಂಛನ. ಜೊತೆಗೆ ರಾಷ್ಟ್ರಪತಿಯವರ ಸಹಿಯುಳ್ಳ ಸನ್ನದು, ಸಮಾರಂಭಗಳಲ್ಲಿ ಧರಿಸಲು ಪದಕದ ಒಂದು ಕಿರುಪ್ರತಿ.

ತುಮಕೂರು ಸೀಮೆಗೂ ಈ ಕಂಚು ಬಂದಿದೆ. ರಂಗಭೂಮಿಯ ಗುಬ್ಬಿ ವೀರಣ್ಣನವರಿಗೆ ಪದ್ಮಶ್ರೀ ದೊರೆತದ್ದು 1972ರಲ್ಲಿ. ಅದೇ ವರ್ಷ ಅವರು ತೀರಿಕೊಂಡರು. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರಿಗೆ 2015ರಲ್ಲಿ ಪದ್ಮಭೂಷಣ ಘೋಷಣೆಯಾಯಿತು. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕ 2019ರಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿಯವರ ತಲೆ ಮುಟ್ಟಿ ಹರಸಿದ್ದನ್ನು ದೇಶವೇ ನೋಡಿತು.

ಕಂಚಿಗೆ ತೂಕದ ಬೆಲೆ ಅಷ್ಟೇನಿಲ್ಲ. ಅದು ಯಾರ ಕೈಗೆ, ಯಾವ ಕೆಲಸಕ್ಕೆ ಬಂತೆಂಬುದೇ ಅದರ ಬೆಲೆ. ಸನ್ನದು, ಫೋಟೊ, ಪತ್ರಿಕೆಯ ತುಣುಕು ಕಳೆದುಹೋದರೆ ಮೊಮ್ಮಕ್ಕಳ ಪಾಲಿಗೆ ಉಳಿಯುವುದು ಬರೀ ಬಿಲ್ಲೆ. ಆದ್ದರಿಂದ ಹಳೆಯ ಪದಕವಿರುವ ಮನೆಯವರು ಕಾಗದಗಳನ್ನು ಜೊತೆಯಲ್ಲೇ ಇಡಬೇಕು. ಹೊಳೆಯಲೆಂದು ಹುಣಸೆಹಣ್ಣು ಹಾಕಿ ತಿಕ್ಕಲೂಬಾರದು. ಕಂಚಿಗೆ ಕೊಟ್ಟ ಬಣ್ಣ ಹೋದರೆ ಮತ್ತೆ ಬಾರದು.